ಪ್ಲಾಸ್ಟಿಕ್ಕಿಗೆ ಹಿಡಿದ ಅಯಸ್ಕಾಂತ

ಪ್ರಯೋಗಾಲಯದಲ್ಲಿ ವಾರಕ್ಕೊಂದಾದರೂ ತಮಾಷೆ ನಡೆಯುತ್ತದೆ. ಸಂಶೋಧನಾ ಪ್ರಬಂಧದಲ್ಲಿ ಅದಕ್ಕೆ ಜಾಗವಿಲ್ಲ. ಅಲ್ಲಿ ಎಲ್ಲವೂ ಮೊದಲ ಸಲವೇ ಸರಿಹೋದಂತೆ ಬರೆಯಬೇಕು. ಉಳಿದದ್ದು ಇಲ್ಲಿದೆ.

ಎರಡು ಸಾವಿರದ ಐದಾರರ ಮಾತು. ಪಿಎಚ್‌ಡಿ ಮುಗಿಸಿ ಜೆ.ಪಿ. ನಗರದ ಒಂದು ಪ್ರಯೋಗಾಲಯದಲ್ಲಿ ಪೋಸ್ಟ್‌ಡಾಕ್ ಆಗಿದ್ದೆ. ಪೋಸ್ಟ್‌ಡಾಕ್ ಎಂದರೆ, ವರ್ಷಕ್ಕೊಮ್ಮೆ ಒಂದು ಸಮಿತಿ ಬಂದು ಇವನನ್ನು ಇಟ್ಟುಕೊಳ್ಳೋಣವೋ ಕಳಿಸೋಣವೋ ಎಂದು ತೀರ್ಮಾನಿಸುವ ಹುದ್ದೆ. ನನ್ನ ಕೆಲಸ ಇಷ್ಟು: ವಿದ್ಯುತ್ ಹರಿಯುವ ಪ್ಲಾಸ್ಟಿಕ್ಕಿನಂಥ ವಸ್ತುವನ್ನು ಗಾಜಿನ ಮೇಲೆ ತೆಳುವಾಗಿ ಬಳಿದು, ಅಯಸ್ಕಾಂತದ ನಡುವೆ ಇಟ್ಟು, ವಿದ್ಯುತ್ ಬದಲಾಗುತ್ತದೆಯೇ ಎಂದು ನೋಡುವುದು. ಒಳಗಿನ ಎಲೆಕ್ಟ್ರಾನುಗಳಿಗೆ ಸ್ಪಿನ್ ಎಂಬ ಗುಣವಿದೆ; ಅದರಿಂದ ಪ್ರತಿಯೊಂದೂ ಪುಟ್ಟ ಅಯಸ್ಕಾಂತವೇ. ಹಾಗಾಗಿ ಬದಲಾಗಬೇಕು. ಹತ್ತು ತಿಂಗಳಾದರೂ ಬದಲಾಗಿರಲಿಲ್ಲ. ದಸರಾ ಮುಗಿದ ವಾರವೇ ಸಮಿತಿ ಬರುವುದಿತ್ತು. ಅಷ್ಟರಲ್ಲಿ ಏನಾದರೂ ತೋರಿಸದಿದ್ದರೆ ನಾನು ಮನೆಗೆ.

೧. ಬಕೆಟ್

ಬನಶಂಕರಿಯಲ್ಲಿ ನನಗೆ ರೂಮು ಕೊಟ್ಟಿದ್ದ ಓನರ್ ಆಂಟಿಗೆ ನನ್ನ ಕೆಲಸದ ಬಗ್ಗೆ ಮೊದಲಿಂದಲೂ ಅನುಮಾನ.

"ಪ್ಲಾಸ್ಟಿಕ್‌ಗೆ ಅಯಸ್ಕಾಂತ ಹಿಡಿದ್ರೆ ಏನಾಗುತ್ತೆ?"

"ಸ್ವಲ್ಪ ವ್ಯತ್ಯಾಸ ಆಗುತ್ತೆ ಆಂಟಿ."

"ಎಷ್ಟು?"

"ನೂರಕ್ಕೆ ಒಂದು ಭಾಗ."

"ಅಷ್ಟಕ್ಕೆ ಇಷ್ಟು ಓದ್ಬೇಕಾ?"

ಮಾರನೆಯ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗಲೇ ಬಂದು ನಿಂತರು. ಕೈಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ, ಮಾವಿನಹಣ್ಣಿನ ಆಕಾರದ ಅಯಸ್ಕಾಂತ.

"ಬಕೆಟ್‌ಗೆ ಹಿಡಿದು ನೋಡ್ದೆ ಕಣ್ರೀ. ಮಗ್‌ಗೂ ಹಿಡಿದೆ. ಏನೂ ಆಗಲ್ಲ."

ನನ್ನ ಸಂಶೋಧನೆಯನ್ನು ಬೇರೆಯವರು ಸ್ವತಂತ್ರವಾಗಿ ಪರೀಕ್ಷಿಸಿದ್ದು ಅದೇ ಮೊದಲು. ಅವರ ಫಲಿತಾಂಶ ನನ್ನದರ ಜೊತೆ ಸರಿಯಾಗಿ ತಾಳೆಯಾಯಿತು.

೨. ಹಪ್ಪಳ

ನಾವು ಬಳಿಯುವ ಪದರಗಳಿಗೆ ತೇವ ಆಗದು. ಗಾಳಿ ತಾಗದಂತೆ ಮುಚ್ಚಿದ ದಪ್ಪ ಗಾಜಿನ ಪಾತ್ರೆಯೊಳಗೆ, ತೇವ ಹೀರುವ ಹರಳಿನ ಮೇಲೆ ಇಡುತ್ತಿದ್ದೆವು. ಒಂದು ಮಧ್ಯಾಹ್ನ ಪ್ರಯೋಗಾಲಯದ ಮುಖ್ಯಸ್ಥರಾದ ನನ್ನ ಗೈಡ್ ಅದರ ಮುಚ್ಚಳ ತೆಗೆದರು. ಕೆಳಗೆ ನನ್ನ ಸ್ಯಾಂಪಲ್ಲುಗಳು, ಮೇಲಿನ ತಟ್ಟೆಯಲ್ಲಿ ಕರಿದ ಹಪ್ಪಳ.

ಗದಗಿನಿಂದ ಬಂದು ಬಿಟಿಎಂನಲ್ಲಿ ಮನೆ ಮಾಡಿದ್ದ ನಮ್ಮ ಟೆಕ್ನಿಷಿಯನ್ ತಲೆ ತುರಿಸಿಕೊಂಡ. "ಅವ್ವ ಕಳಿಸ್ಯಾಳ್ರಿ ಸರ. ಈ ಮಳ್ಯಾಗ ಹೊರಗ ಇಟ್ರ ಮೆತ್ತಗಾಗ್ತಾವ್ರಿ."

ಗೈಡ್ ಬೈಯಲಿಲ್ಲ. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡರು. "ಯಾವಾಗ ಇಟ್ಟಿದ್ದು?"

"ಮೂರು ವಾರ ಆತ್ರಿ."

ಗೈಡ್ ನನ್ನ ಕಡೆ ತಿರುಗಿದರು. "ನೋಡಯ್ಯ. ಇವನ ಸ್ಯಾಂಪಲ್ ಮೂರು ವಾರ ಆದ್ರೂ ಗರಿಗರಿ ಇದೆ. ನಿಂದು ಮೂರು ದಿನ ಬರಲ್ಲ."

೩. ಮೂವತ್ತು ಪರ್ಸೆಂಟ್

ಆಯುಧಪೂಜೆ. ನಮ್ಮ ಹಿರಿಯ ಅಟೆಂಡರ್ ಅಯಸ್ಕಾಂತಕ್ಕೆ ಸೇವಂತಿಗೆ ಹಾರ ಹಾಕಿ, ಮೀಟರಿಗೆ ವಿಭೂತಿ ಬಳಿದು, ಸಿಕ್ಕ ಸಿಕ್ಕಲ್ಲೆಲ್ಲ ಗಂಧ ಹಚ್ಚಿದರು.

"ಇವತ್ತು ಮಿಷನ್ ಮುಟ್ಟಬಾರ್ದು ಸಾರ್. ಅದಕ್ಕೂ ರಜ."

ರಜ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವರು ಬೂದುಗುಂಬಳ ಹಿಡಿದು ಗೇಟಿನ ಕಡೆ ಹೋದದ್ದೇ ತಡ, ಸ್ವಿಚ್ ಹಾಕಿದೆ. ಅಯಸ್ಕಾಂತದ ಬಲ ಏರಿಸುತ್ತ ಹೋದಂತೆ ವಿದ್ಯುತ್ ಇಳಿಯುತ್ತ ಹೋಯಿತು. ಒಂದಲ್ಲ, ಮೂವತ್ತು ಪರ್ಸೆಂಟ್! ಪೂಜೆಗೆ ಬಂದಿದ್ದ ಗೈಡ್ ಅಲ್ಲೇ ನಿಂತು ಸಮಿತಿಯ ಅಧ್ಯಕ್ಷರಿಗೆ ಫೋನ್ ಮಾಡಿ ಹೇಳಿಬಿಟ್ಟರು.

ಮಾರನೆಯ ದಿನ ಅಳೆದರೆ ವ್ಯತ್ಯಾಸ ಸೊನ್ನೆ. ಮತ್ತೆ ಅಳೆದೆ. ಮತ್ತೂ ಸೊನ್ನೆ. ಕೊನೆಗೆ ಬಗ್ಗಿ ನೋಡಿದಾಗ, ಎರಡು ತಂತಿ ಸೇರುವ ಜಾಗಗಳ ನಡುವೆ ಅಡ್ಡಲಾಗಿ ಒಂದು ಗಂಧದ ಬೊಟ್ಟು, ಒಣಗಿ ಬಿರುಕು ಬಿಟ್ಟಿತ್ತು. ಹಸಿ ಗಂಧದಲ್ಲಿ ವಿದ್ಯುತ್ ಹರಿಯುತ್ತದೆ. ನಮ್ಮದು ವಿದ್ಯುತ್ತಿನ ಅಯಸ್ಕಾಂತ; ಅದರ ತಂತಿಸುರುಳಿ ಬಿಸಿಯೇರಿದಂತೆ ಗಂಧ ಒಣಗಿದೆ, ವಿದ್ಯುತ್ ಇಳಿದಿದೆ.

ಹತ್ತು ತಿಂಗಳ ಸಂಶೋಧನೆಯಿಂದ ನಾನು ಕಂಡುಹಿಡಿದದ್ದು ಒಂದೇ: ಗಂಧ ಒಣಗುತ್ತದೆ.

೪. ಸಮಿತಿ

"ಅಧ್ಯಕ್ಷರಿಗೆ ಹೇಳಿ ಆಗಿದೆಯಲ್ಲಯ್ಯ!" ಎಂದು ಗೈಡ್ ಕೂತುಬಿಟ್ಟರು. ಉಳಿದದ್ದು ಒಂದೇ ದಾರಿ. ತಪ್ಪನ್ನಾದರೂ ಶಾಸ್ತ್ರೋಕ್ತವಾಗಿ ಸಾಬೀತು ಮಾಡಬೇಕು: ಸ್ಯಾಂಪಲ್ ತೆಗೆದಿಟ್ಟು, ಬರೀ ಗಂಧ ಹಚ್ಚಿ, ಅದೇ ಮೂವತ್ತು ಪರ್ಸೆಂಟ್ ಬರುತ್ತದೆಂದು ತೋರಿಸಬೇಕು.

ಸಮಿತಿ ಬರುವ ದಿನ ಬೆಳಿಗ್ಗೆ ಅಟೆಂಡರ್ ಹತ್ತಿರ ಅದೇ ಗಂಧ ಕೇಳಿದೆ. ಅವರ ಮುಖ ಅರಳಿತು. "ಈಗ ಬುದ್ಧಿ ಬಂತು ನೋಡಿ ಸಾರ್! ಚಪ್ಪಲಿ ಬಿಟ್ಟು ಬನ್ನಿ, ತೇಯ್ದು ಕೊಡ್ತೀನಿ. ಇಲ್ಲಾಂದ್ರೆ ಇಲ್ಲ."

ಬಿಟ್ಟೆ. ಉಂಗುರಬೆರಳಲ್ಲಿ ಗಂಧ ತೆಗೆದುಕೊಂಡು ಅಯಸ್ಕಾಂತದ ಮುಂದೆ ಬಗ್ಗಿದ್ದೇನೆ, ಅಟೆಂಡರ್ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತಿದ್ದಾರೆ, ಸಮಿತಿಯ ಮೂವರೂ ಅರ್ಧ ಗಂಟೆ ಮುಂಚೆಯೇ ಬಾಗಿಲಲ್ಲಿ! ಅಧ್ಯಕ್ಷರು ಒಂದು ಕ್ಷಣ ನೋಡಿದರು. ಸದ್ದಿಲ್ಲದೆ ಶೂ ಬಿಚ್ಚಿದರು. ಉಳಿದಿಬ್ಬರೂ ಬಿಚ್ಚಿದರು.

"ಸರ್, ಇದು ಪೂಜೆ ಅಲ್ಲ. ಆವತ್ತಿನ ಫಲಿತಾಂಶ ತಪ್ಪು ಅಂತ..."

"ಮುಗಿಸ್ಕೊಳ್ಳಿ, ಮುಗಿಸ್ಕೊಳ್ಳಿ. ಮಧ್ಯದಲ್ಲಿ ನಿಲ್ಲಿಸಬಾರ್ದು."

ಬರೀ ಗಂಧಕ್ಕೇ ಅದೇ ಮೂವತ್ತು ಪರ್ಸೆಂಟ್ ಬಂತು. ಆಮೇಲೆ ಅರ್ಧ ಗಂಟೆ ಗ್ರಾಫ್ ಹಾಕಿ ವಿವರಿಸಿದೆ. ಸುಳ್ಳು ಸಿಗ್ನಲ್, ಹಸಿ ಗಂಧ, ಬಿಸಿ ಸುರುಳಿ, ಎಲ್ಲ. ಅಧ್ಯಕ್ಷರು ಪ್ರತಿ ಮಾತಿಗೂ ತಲೆದೂಗಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು: "ಮಂಗಳಾರತಿ ಆಯ್ತಾ?"

ವಾರದ ನಂತರ ಆದೇಶ ಬಂತು. "ಫಲಿತಾಂಶ: ಇಲ್ಲ. ಅಭ್ಯರ್ಥಿಗೆ ಉಪಕರಣಗಳಲ್ಲಿ ಅಪಾರ ಶ್ರದ್ಧೆ. ಇನ್ನೊಂದು ವರ್ಷ ಮುಂದುವರಿಸಬಹುದು."