ಅಳಿಯನ ಮೇಲೆ ಹಾರದ ಗುಂಡಿನ ದೂರನ್ನು ಹಿಂಪಡೆಯುವ ಕುರಿತು

ಇಂದ:
ಹಾಲಿಸ್ ಟ್ಯಾಕೆಟ್, ಕ್ಷೌರಿಕ,
ಮಿಲ್ಸ್ ಫೋರ್ಕ್, ಕೆಂಟಕಿ.

ಗೆ:
ಮಾನ್ಯ ವ್ಯವಸ್ಥಾಪಕರು, ದುರಸ್ತಿ ವಿಭಾಗ,
ಸದರಿ ಪಿಸ್ತೂಲನ್ನು ತಯಾರಿಸಿದ ಕಾರ್ಖಾನೆ.

ವಿಷಯ: ಪಿಸ್ತೂಲಿನಲ್ಲಿ ಕಂಡುಬಂದ ದೋಷವನ್ನು ಇದ್ದ ಹಾಗೆಯೇ ಉಳಿಸಿಕೊಡುವ ಬಗ್ಗೆ.

ಉಲ್ಲೇಖ: ೧) ನನ್ನ ಅಳಿಯ ಬ್ರೆಟ್ ಸಲ್ಲಿಸಿದ ದೂರು. ೨) "ದೋಷ ಪತ್ತೆಯಾಗಿದೆ, ಉಚಿತವಾಗಿ ಸರಿಪಡಿಸಲಾಗುವುದು" ಎಂಬ ತಮ್ಮ ಉತ್ತರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಪಿಸ್ತೂಲಿನ ಮಾಲೀಕ ನಾನಾಗಿದ್ದು ದೂರು ಕೊಟ್ಟವನು ನಾನಲ್ಲವಾದ ಕಾರಣ, ಈ ಕೆಳಗಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

೧. ಕಳೆದ ಚಳಿಗಾಲದಲ್ಲಿ ನಮ್ಮ ಬೀದಿಯ ಔಷಧದಂಗಡಿಗೆ ಕಳ್ಳರು ನುಗ್ಗಿದರು. ಅಂದಿನಿಂದ ನನ್ನ ಮಗಳು ಜನೆಲ್‌ಳ ಗಂಡ ಬ್ರೆಟ್ ನನ್ನ ಬೆನ್ನು ಬಿಡಲಿಲ್ಲ. "ಮಾವ, ಅಂಗಡೀಲಿ ಒಬ್ರೇ ಇರ್ತೀರ. ಕೈಯಲ್ಲಿರೋದು ಕತ್ತರಿ. ಕಳ್ಳ ಬಂದ್ರೆ ಏನ್ಮಾಡ್ತೀರ, ಕೂರಿಸಿ ಕ್ರಾಪ್ ಹೊಡೀತೀರ?" ಎಂದು ದಿನವೂ ಕೇಳಿದ. ಆದ್ದರಿಂದ, ಅಂಗಿಯ ಒಳಗೆ ಸೊಂಟದಲ್ಲಿ ಅಡಗುವಂಥ ತಮ್ಮ ಪುಟ್ಟ ಪಿಸ್ತೂಲನ್ನು ಅವನು ಆರಿಸಿದ, ನಾನು ಕೊಂಡೆ.

೨. ಹೊಸ ಪಿಸ್ತೂಲನ್ನು ಕೂಡಲೇ ನಂಬಬಾರದು, ಇನ್ನೂರು ಗುಂಡು ಹಾರಿಸಿ ಪಳಗಿಸಬೇಕು ಎಂದು ತಮ್ಮ ಕೈಪಿಡಿಯಲ್ಲಿದೆ. ಅದರಂತೆ ಊರಾಚೆಯ ಮೈದಾನದಲ್ಲಿ ದುಂಡು ಮೂತಿಯ ಗುಂಡುಗಳನ್ನು ಹಾರಿಸಿ ಪಳಗಿಸಿದೆ. ಒಂದೂ ಸಿಕ್ಕಿಕೊಳ್ಳಲಿಲ್ಲ. ಆದರೆ ಬಂದೂಕಿನಂಗಡಿಯ ಲೆರಾಯ್, "ಅದು ಅಭ್ಯಾಸಕ್ಕೆ ಕಣಯ್ಯ. ಒಬ್ಬನ ಮೈ ತೂರಿ ಹಿಂದಿರೋನಿಗೂ ಬೀಳತ್ತೆ. ಜೊತೇಲಿಟ್ಕೊಳ್ಳೋಕೆ ಟೊಳ್ಳು ಮೂತೀದೇ ಆಗ್ಬೇಕು, ಅದು ಮೈಯೊಳಗೇ ನಿಲ್ಲತ್ತೆ" ಎಂದ. ಕಾರಣ, ಟೊಳ್ಳು ಮೂತಿಯದನ್ನು ತುಂಬಿದೆ. ಅದು ಹಿಡಿಯೊಳಗಿನ ಮ್ಯಾಗಜೀನಿನಿಂದ ನಳಿಕೆಗೆ ಏರುವಾಗ ಅದರ ಅಂಚಿಗೆ ತಗುಲಿ ಆಗಾಗ ಅರ್ಧದಲ್ಲೇ ನಿಂತುಬಿಡುತ್ತಿತ್ತು.

೩. ಈ ಬಗ್ಗೆ ತಜ್ಞರ ಅಭಿಪ್ರಾಯ ಪಡೆಯಲಾಯಿತು. ಲೆರಾಯ್: "ನೀನು ಪಿಸ್ತೂಲನ್ನ ಹಕ್ಕಿಮರಿ ಹಿಡಿದ ಹಾಗೆ ಹಿಡೀತೀಯ. ಮಣಿಕಟ್ಟು ಬಿಗಿ ಮಾಡು." ಬ್ರೆಟ್: "ಬೇರೆ ಕಂಪನಿ ಗುಂಡು ಹಾಕಿ ಮಾವ." ನನ್ನ ಹೆಂಡತಿ ವರ್ನಾ: "ಇಷ್ಟು ವರ್ಷ ಸಂಸಾರ ಮಾಡಿ ನೀನೇ ಪಳಗ್ಲಿಲ್ಲ, ಇನ್ನು ಅದು ಪಳಗತ್ತಾ?" ಮೊಮ್ಮಗಳು ನನ್ನ ತೊಡೆಯೇರುವವಳಾದ ಕಾರಣ ನಳಿಕೆಯೊಳಗೆ ಗುಂಡು ಇರಕೂಡದೆಂದೂ ವರ್ನಾ ಷರತ್ತು ವಿಧಿಸಿದಳು. ಪಾಲಿಸಿದೆ.

೪. ಮಾರ್ಚ್ ತಿಂಗಳ ಒಂದು ಸಂಜೆ, ಕೊನೆಯ ಗಿರಾಕಿ ಹೋದ ಮೇಲೆ, ನೆಲದ ಕೂದಲು ಗುಡಿಸುತ್ತಿದ್ದೆ. ಹಿಂಬಾಗಿಲು ಮೆಲ್ಲಗೆ ತೆರೆಯಿತು. ಮುಖ ಮುಚ್ಚುವಂತೆ ಟೋಪಿ ಎಳೆದುಕೊಂಡಿದ್ದ ಎತ್ತರದ ಗಂಡಸು ಒಂದು ಮಾತೂ ಆಡದೆ ನನ್ನತ್ತ ನುಗ್ಗಿದ. ಪೊರಕೆ ಬಿಸಾಡಿ, ಪಿಸ್ತೂಲು ತೆಗೆದು, ಗುಂಡು ಏರಲೆಂದು ಅದರ ಮೇಲ್ಭಾಗವನ್ನು ಹಿಂದಕ್ಕೆಳೆದು ಬಿಟ್ಟು, ಎದೆಗೆ ಗುರಿಯಿಟ್ಟು ಟ್ರಿಗರ್ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ.

"ಮಾವ! ಮಾವ! ನಾನು, ನಾನು!"

ಟೋಪಿ ತೆಗೆದಾಗ ಬ್ರೆಟ್. ನಾನು ಎಷ್ಟು ಎಚ್ಚರವಾಗಿರುತ್ತೇನೆಂದು ಪರೀಕ್ಷಿಸಲು ಬಂದಿದ್ದನಂತೆ.

೫. ಅವನ ಮುಖ ಬಿಳಿಚಿತ್ತು. ಆದರೆ ಪಿಸ್ತೂಲು ಇಸಿದುಕೊಂಡು, ಅಂಚಿಗೆ ಸಿಕ್ಕಿದ್ದ ಗುಂಡನ್ನು ಕಂಡದ್ದೇ ಸಿಟ್ಟಾದ. "ನೋಡಿದ್ರಾ? ಬೇಕಾದ ಹೊತ್ತಿಗೆ ಸರಿಯಾಗಿ ಕೈ ಕೊಡ್ತು! ಕಳ್ಳನೇ ಆಗಿದ್ರೆ ನಿಮ್ಮ ಗತಿ ಏನು?"

"ನೀನಾಗಿದ್ದೆಯಲ್ಲೋ."

"ಅದು ಬೇರೆ ಮಾತು ಮಾವ. ಇಂಥದ್ದನ್ನ ನಂಬೋಕಾಗಲ್ಲ."

ಮರುದಿನವೇ ತಮಗೆ ದೂರು ಹೋಯಿತು, ಹಿಂದೆಯೇ ಪಿಸ್ತೂಲೂ ತಮ್ಮಲ್ಲಿಗೆ ಬಂತು. ತನಗೆ ಗುಂಡು ತಗಲಲಿಲ್ಲವೆಂದು ಗುಂಡಿನ ಗುರಿಯೇ ದೂರು ಕೊಟ್ಟದ್ದು ತಮ್ಮ ಕಚೇರಿಗೆ ಹೊಸದಿರಬಹುದು.

೬. ಭಾನುವಾರ ಊಟಕ್ಕೆ ಕೂತಾಗ ಬ್ರೆಟ್ ಈ ಕಥೆಯನ್ನು ನಗುನಗುತ್ತ ಹೇಳಿದ. ನಾನು ಟ್ರಿಗರ್ ಒತ್ತಿದ್ದನ್ನು ಚಮಚ ಹಿಡಿದು ಮಾಡಿ ತೋರಿಸಿದ. ಜನೆಲ್ ನಗಲಿಲ್ಲ. ಜೋಳದ ರೊಟ್ಟಿಯ ತಟ್ಟೆ ಪಕ್ಕಕ್ಕಿಟ್ಟು, "ಎರಡು ಸಲ ಒತ್ತಿದ್ರಾ ಅಪ್ಪ?" ಎಂದು ಕೇಳಿದಳು. ಹೌದೆಂದೆ. ಆಕೆ ಗಂಡನ ಕಡೆ ತಿರುಗಿ, "ನಾನು ವಿಧವೆ ಆಗೋದು ತಪ್ಪಿಹೋಯ್ತಲ್ಲ ಅಂತ ಕಂಪನಿಗೆ ದೂರು ಕೊಟ್ಟಿದೀಯಾ?" ಎಂದು ಮಗುವನ್ನೆತ್ತಿಕೊಂಡು ಒಳಗೆ ಹೋದಳು. ಹುರುಳಿಕಾಯಿ ಪಲ್ಯ ಹಾಗೇ ಆರಿತು.

೭. ಅಂದಿನಿಂದ ನನ್ನ ಬಲಗೈ ನಡುಗುತ್ತಿದೆ. ಗಿರಾಕಿಗಳು ಒಳ್ಳೆಯವರು. "ಕೂದಲಷ್ಟೇ ಸಾಕು ಹಾಲಿಸ್, ಗಡ್ಡ ಮನೇಲೇ ಮಾಡ್ಕೋತೀನಿ" ಎನ್ನುತ್ತಾರೆ. ಕ್ಷೌರದ ಕತ್ತಿ ಡ್ರಾಯರಿನಲ್ಲೇ ಉಳಿಯಿತು.

೮. ಕಳೆದ ಶನಿವಾರ ಬ್ರೆಟ್ ಮುಂಬಾಗಿಲಿನಿಂದ, ಅದೂ ತಟ್ಟಿ, ಬಂದ. ಹಾಡಹಗಲು ತೆರೆದಿರುವ ಕ್ಷೌರದಂಗಡಿಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಕುರ್ಚಿಯಲ್ಲಿ ಕುಳಿತು ತಲೆ ಹಿಂದಕ್ಕೆ ಒರಗಿಸಿದ.

"ಗಡ್ಡ ತೆಗೀರಿ ಮಾವ."

"ಕೈ ನಡುಗತ್ತೆ ಕಣೋ."

"ನಿಧಾನಕ್ಕೆ ಮಾಡಿ. ನನಗೇನು ಅವಸರ ಇಲ್ಲ."

ಬಿಸಿ ಬಟ್ಟೆ ಹೊದಿಸಿ, ನೊರೆ ಹಚ್ಚಿ, ಅವನ ಗಂಟಲ ಮೇಲೆ ಕತ್ತಿ ಇಟ್ಟೆ. ಅವನು ಕಣ್ಣು ಮುಚ್ಚಲಿಲ್ಲ, ಅಲುಗಲೂ ಇಲ್ಲ. ಗದ್ದದ ಬಳಿ ಒಂದೇ ಒಂದು ಕಡೆ ಚರ್ಮ ತರಚಿತು. ಪಟಿಕ ಒತ್ತಿದೆ. ಎದ್ದು ಕನ್ನಡಿ ನೋಡಿಕೊಂಡು, "ಚೆನ್ನಾಗಿದೆ" ಎಂದ. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ನಡೆದ. ದೂರನ್ನು ಹಿಂಪಡೆಯುವ ಮಾತು ಅವನ ಬಾಯಲ್ಲಿ ಬರುವುದಿಲ್ಲ. ಕಾರಣ ನಾನೇ ಬರೆಯುತ್ತಿದ್ದೇನೆ.

೯. ತಾವು ಆ ಅಂಚನ್ನು ಉಜ್ಜಿ ನುಣುಪು ಮಾಡಿದರೆ ಪಿಸ್ತೂಲು ಪ್ರತಿ ಸಲವೂ ನನ್ನ ಮಾತು ಕೇಳುತ್ತದೆ. ನನ್ನ ಮಾತು ಪ್ರತಿ ಸಲವೂ ಕೇಳುವಂಥದ್ದಲ್ಲ ಎಂಬುದು ಸದರಿ ಸಂಜೆ ಸಾಬೀತಾಗಿದೆ.

ಆದ್ದರಿಂದ, ಪಿಸ್ತೂಲನ್ನು ಯಾವುದೇ ರೀತಿಯಲ್ಲಿ ಸುಧಾರಿಸದೆ ಹಿಂದಿರುಗಿಸಬೇಕೆಂದೂ, ದೋಷವಿರುವುದನ್ನು ಹಿಂದಿರುಗಿಸಲು ತಮ್ಮ ನಿಯಮ ಒಪ್ಪದಿದ್ದಲ್ಲಿ ಅದನ್ನು ತಮ್ಮಲ್ಲೇ ಇರಿಸಿಕೊಳ್ಳಬೇಕೆಂದೂ ಕೋರುತ್ತೇನೆ. ಎರಡನೆಯದಾದರೆ ವರ್ನಾಳ ಆಕ್ಷೇಪಣೆ ಇರುವುದಿಲ್ಲ.

ತಮ್ಮ ಪಿಸ್ತೂಲಿನಷ್ಟೇ ವಿಶ್ವಾಸಿಯಾದ,
ಹಾಲಿಸ್ ಟ್ಯಾಕೆಟ್

ಲಗತ್ತುಗಳು:
ಅ) ಸಿಕ್ಕಿಕೊಂಡಿದ್ದ ಗುಂಡಿನ ಭಾವಚಿತ್ರ (ಗುಂಡನ್ನು ಅಂಚೆಯಲ್ಲಿ ಕಳುಹಿಸುವಂತಿಲ್ಲ).
ಆ) ಅಳಿಯನ ಭಾವಚಿತ್ರ, ಇತ್ತೀಚಿನದು, ಗಡ್ಡ ತೆಗೆದ ನಂತರದ್ದು.

ವಿ.ಸೂ: ದೂರು ಹಿಂಪಡೆಯಲು ಕಾರಣ ನಮೂದಿಸುವುದು ಕಡ್ಡಾಯವಾಗಿದ್ದಲ್ಲಿ, "ಪಿಸ್ತೂಲು ತೃಪ್ತಿಕರವಾಗಿ ಕೆಲಸ ಮಾಡಿದೆ" ಎಂದು ದಾಖಲಿಸಿಕೊಳ್ಳಬೇಕಾಗಿ ವಿನಂತಿ.