ವಿಮಾನ ಎಳೆದವನೂ ಸಂತಪುರದ ಕೆಸರೂ

ನಾನು ವಿಮಾನ ಎಳೆದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳುವುದರಲ್ಲಿ ಇಷ್ಟು ಮಾನದ ಮಾತು ಇನ್ನೊಂದಿಲ್ಲ!

ಯುದ್ಧದ ಕಾಲದಲ್ಲಿ ಬೀದರದ ಹೊರಗಿನ ವಿಮಾನದ ಮೈದಾನದಲ್ಲಿ ಇಂಗ್ರೇಜರು ಟ್ರ್ಯಾಕ್ಟರುಗಳನ್ನು ಇಟ್ಟಿದ್ದರು. ಹೊಲ ಉಳಲೆಂದು ಮಾಡಿದ ಯಂತ್ರ. ಅದರ ಹಿಂದೆ ನೇಗಿಲಿನ ಬದಲು ದಪ್ಪ ಕೊಕ್ಕೆಯೊಂದನ್ನು ಕೂರಿಸಿ ವಿಮಾನ ಎಳೆಯಲು ಹಚ್ಚಿದ್ದರು. ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಹೊಲ ಬಿಟ್ಟು ಓಡಿಬಂದ ನನಗೆ ಖಾಕಿ ಬಟ್ಟೆ ಕೊಟ್ಟು ಅದರ ಮೇಲೆ ಹತ್ತಿಸಿದರು. ಗಟ್ಟಿ ನೆಲ, ಮನುಷ್ಯ ನಡೆಯುವ ವೇಗ, ನೆಟ್ಟನೆಯ ದಾರಿ. ರೆಕ್ಕೆಯ ತುದಿಗೊಬ್ಬರು ಜೊತೆಗೆ ನಡೆಯುತ್ತಿದ್ದರು. ಗೋರಾ ಸಾಹೇಬ ಕೈ ಎತ್ತಿದರೆ ನಿಲ್ಲಿಸಬೇಕು. ನನ್ನ ವಿದ್ಯೆ ಇಷ್ಟೇ, ಟ್ರ್ಯಾಕ್ಟರಿನದೂ ಇಷ್ಟೇ.

ಯುದ್ಧ ಮುಗಿದ ಮೇಲೆ ಅವುಗಳಲ್ಲೊಂದನ್ನು ನೌಬಾದದ ಸಾಹುಕಾರರು ಪೇಟೆಗೆ ಮೂಟೆ ಸಾಗಿಸಲೆಂದು ಕೊಂಡರು. ಟ್ರ್ಯಾಕ್ಟರಿನ ಜೊತೆ ನಾನೂ ಹೋದೆ, ಅದೇ ಖಾಕಿಯಲ್ಲಿ.

ಆಮೇಲೆ ನಿಜಾಮನ ಪರ ಬಂದೂಕು ಹಿಡಿದ ರಜಾಕಾರರ ಕಾಟ ಶುರುವಾಯಿತು. ನನ್ನ ಹೆಂಡತಿ ನೀಲವ್ವ ಹೆರಿಗೆಗೆಂದು ಸಂತಪುರದ ತವರಿಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿದೆ ಎಂಬ ಸುದ್ದಿ ಬಂತು. ಆ ಕಡೆಯ ಹಳ್ಳಿಗಳಿಗೆ ಲಾರಿಯಲ್ಲಿ ಬಂದು ಮನೆಗಳಿಗೆ ಬೆಂಕಿ ಹಚ್ಚುತ್ತಿದ್ದಾರೆ ಎಂಬ ಸುದ್ದಿಯೂ ಬಂತು. ಅದಾದ ಮೇಲೆ ಸುದ್ದಿಯೇ ನಿಂತುಹೋಯಿತು. ಕೂಸಿನ ಮುಖ ನೋಡುತ್ತೇನೋ ಇಲ್ಲವೋ ಎಂಬ ಚಿಂತೆ ಹತ್ತಿತು.

ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ದಂಡು ಬಂತು, ನಿಜಾಮನ ಆಳಿಕೆ ಮುಗಿಯಿತು. ಸಾಹುಕಾರರು ಕರೆದು ಹೇಳಿದರು:

“ಪೋಲೀಸ್ ಆಕ್ಷನ್ ಆಗ್ಯಾದ. ಹೋಗು, ಹೆಂಡ್ತಿ ಕೂಸಿನ್ನ ಕರ್ಕೊಂಡು ಬಾ.”

“ಬಂದದ್ದು ಮಿಲಿಟರಿ ಅಲ್ಲೇನ್ರಿ? ಪೋಲೀಸ್ ಅಂತ ಯಾಕ ಅಂತಾರ್ರಿ?”

“ದಿಲ್ಲಿಯವರು ಹಂಗ ಹೆಸರಿಟ್ಟಾರ. ನಿನಗ್ಯಾಕ ಬೇಕು ಅದು? ಬಸ್ ಬಂದ್ ಅದಾವ. ಟ್ರ್ಯಾಕ್ಟರ್ ತಗೊಂಡು ಹೋಗ್ತೀ ಏನು?”

“ವಿಮಾನ ಎಳದಾವ ಇದ್ದೇನ್ರಿ ನಾ! ಒಬ್ಬಾಕಿ ಬಾಣಂತೀನ ತರೋದೇನು ದೊಡ್ಡ ಮಾತ್ರಿ?”

ಹಿಂದೆ ಗಾಡಿ ಕಟ್ಟಿ, ಹುಲ್ಲು ಹಾಸಿ, ಮೇಲೆ ಕೌದಿ ಹೊದಿಸಿ ಹೊರಟೆ. ದಾರಿಯ ಊರುಗಳಲ್ಲಿ ಮೊನ್ನೆಯವರೆಗೆ ರಜಾಕಾರರಿಗೆ ಹೆದರಿ ಒಂದು ಓಣಿಯವರು ಬಾಗಿಲು ಹಾಕಿಕೊಂಡಿದ್ದರು, ಈಗ ದಂಡಿಗೆ ಹೆದರಿ ಇನ್ನೊಂದು ಓಣಿಯವರು ಹಾಕಿಕೊಂಡಿದ್ದರು. ನನಗೆ ಅದನ್ನೆಲ್ಲ ಯೋಚಿಸುವ ವ್ಯವಧಾನವಿರಲಿಲ್ಲ.

ಸಂತಪುರ ಮುಟ್ಟಿದಾಗ ಮಾವನ ಮನೆಯ ಬಾಗಿಲು ತೆರೆದಿತ್ತು. ಒಲೆಯಲ್ಲಿ ಬೆಂಕಿ ಇತ್ತು, ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು. ಮನುಷ್ಯರೇ ಇಲ್ಲ! ಎಂಜಿನ್ ಸದ್ದು ಕೇಳಿದರೆ ಊರಿಗೆ ಊರೇ ಜೋಳದ ಹೊಲ ಸೇರುವುದು ಅಲ್ಲಿ ರೂಢಿಯಾಗಿಬಿಟ್ಟಿತ್ತು. ಪಾಪ, ಇವರಿಗೆ ಸುದ್ದಿ ಗೊತ್ತಿಲ್ಲ ಎಂದುಕೊಂಡೆ. ಹೊಲದ ಬದುವಿಗೆ ಹೋಗಿ, ಟ್ರ್ಯಾಕ್ಟರಿನ ಮೇಲೆ ಎದ್ದುನಿಂತು, ಸರಕಾರದ ಪರವಾಗಿ ಘೋಷಿಸಿದೆ:

“ಪೋಲೀಸ್ ಬಂದಾರ! ಎಲ್ಲಾರೂ ಹೊರಗ ಬರ್ರಿ!”

ಜೋಳ ಒಮ್ಮೆ ಅಲುಗಾಡಿತು. ಜನ ಇನ್ನೂ ಒಳಗೆ ಸರಿದರು. ನಿಜಾಮನ ರಾಜ್ಯದಲ್ಲಿ ಪೋಲೀಸರು ಬಂದಾರೆಂದರೆ ಯಾರಾದರೂ ಹೊರಗೆ ಬಂದದ್ದುಂಟೇ? ಅದೂ ಖಾಕಿ ತೊಟ್ಟವನೊಬ್ಬ ಕರೆದರೆ! ತಪ್ಪು ಹೊಳೆಯಿತು. ತಿದ್ದಿದೆ.

“ಪೋಲೀಸ್ ಅಲ್ರಿ, ಮಿಲಿಟರಿ! ಮಿಲಿಟರಿ ಬಂದದ!”

ಜೋಳ ಮತ್ತೆ ಅಲುಗಾಡಿತು. ಈ ಸಲ ಬಲು ದೂರದಲ್ಲಿ.

ನೀಲವ್ವನ ಹೆಸರು ಕೂಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅತ್ತೆ ಮಾವ ಕೇಳುವಂತೆ ಹೆಂಡತಿಯ ಹೆಸರು ಹಿಡಿಯುವುದೇ? ಮರ್ಯಾದಸ್ಥ ಅಳಿಯ ನಾನು! “ಏ ಇಕೀ! ನಾ ಬಂದೇನಿ, ನಾ!” ಎಂದೆ. ಆ ಹೊಲದಲ್ಲಿದ್ದ ಹೆಂಗಸರೆಲ್ಲ ಒಬ್ಬರಿಗಿಲ್ಲ ಒಬ್ಬರಿಗೆ ‘ಇಕಿ’ಯೇ. ‘ನಾ’ ಎನ್ನುವವನು ರಜಾಕಾರನೂ ಆಗಬಹುದು. ಎಂಜಿನ್ನಿನ ಗಡಗಡದಲ್ಲಿ ನನ್ನ ದನಿ ನನಗೇ ಗುರುತು ಸಿಗುತ್ತಿರಲಿಲ್ಲ. ಆರಿಸಿದರೆ ಮತ್ತೆ ಶುರುವಾಗುವುದು ಕಷ್ಟವೆಂದು ನಾನು ಆರಿಸಿರಲೂ ಇಲ್ಲ.

ಹತ್ತಿರ ಹೋದರೆ ಮುಖವನ್ನಾದರೂ ಗುರುತಿಸಿಯಾರು ಎಂದು ಟ್ರ್ಯಾಕ್ಟರನ್ನು ಹೊಲಕ್ಕೇ ಇಳಿಸಿದೆ. ಕರಿ ಎರೆಭೂಮಿ, ಮಳೆ ಬಿದ್ದು ನೆನೆದಿತ್ತು. ಟ್ರ್ಯಾಕ್ಟರ್ ತನ್ನ ಜನ್ಮದಲ್ಲಿ ಮೊದಲ ಸಲ ಹೊಲ ಕಂಡಿತು. ಕಂಡದ್ದೇ ತಡ, ಹೂತುಕೊಂಡಿತು! ಗಾಲಿ ತಿರುಗಿದಷ್ಟೂ ಒಳಗಿಳಿಯಿತು. ಕೈ ಎತ್ತಲು ಗೋರಾ ಸಾಹೇಬ ಅಲ್ಲಿರಲಿಲ್ಲ. ನಾನೇ ನಿಲ್ಲಿಸಬಹುದು ಎಂದು ನನಗೆ ಹೊಳೆಯಲೂ ಇಲ್ಲ. ಕೊನೆಗೆ ಎಂಜಿನ್ ತಾನೇ ಕೆಮ್ಮಿ ಆರಿತು.

ಎಲ್ಲ ಸ್ತಬ್ಧ. ಆಗ ಮುಂದಿನ ಗಾಲಿಯ ತೀರ ಹತ್ತಿರದಲ್ಲಿ, ಬಾಯಿ ಒತ್ತಿ ಹಿಡಿದಂಥ ಒಂದು ಸಣ್ಣ ನರಳು ಕೇಳಿಸಿತು. ಕೂಸು! ಅತ್ತೆಯಿದ್ದಾಳೋ ಮಾವನಿದ್ದಾನೋ ನೋಡದೆ ಚೀರಿದೆ:

“ನೀಲವ್ವಾ! ನೀಲವ್ವಾ!”

ದಂಟು ಸರಿಸಿ ಆಕೆ ಎದ್ದುನಿಂತಳು. ಅಂಗೈ ಇನ್ನೂ ಕೂಸಿನ ಬಾಯಿಯ ಮೇಲೇ ಇತ್ತು. ತೆಗೆದಳು. ಕೂಸು ಉದ್ದಕ್ಕೆ ಉಸಿರೆಳೆದು ಅತ್ತಿತು. ನಾನೂ ಅತ್ತುಬಿಟ್ಟೆ.

“ಈ ಹೆಸರು ಮೊದ್ಲೇ ಹಿಡೀಲಾಕ ಏನಾಗಿತ್ರಿ ನಿಮಗ? ಪೋಲೀಸ್ ಅಂತ, ಪೋಲೀಸ್! ಕೂಸಿನ ಉಸುರು ಹೋಗ್ತಿತ್ತು!” ಎಂದಳು ನೀಲವ್ವ.

ಯಾರಿಗಾಗಿ ಬಂದಿದ್ದೆನೋ ಆ ಕೂಸಿನ ಬಾಯಿಯನ್ನು ನನ್ನ ದನಿಗೇ ಹೆದರಿ ಅದರ ತಾಯಿ ಮುಚ್ಚಬೇಕಾಯಿತಲ್ಲ ಎಂಬುದು ಇಂದಿಗೂ ಚುಚ್ಚುತ್ತದೆ.

ಮಾವ ಜೋಳದಿಂದ ಹೊರಬಂದು ಟ್ರ್ಯಾಕ್ಟರಿಗೆ ಒಂದು ಸುತ್ತು ಹಾಕಿದರು.

“ಇದು ವಿಮಾನ ಎಳೀತಿತ್ತೇನ್ರಿ, ಅಳಿಯಾರ?”

“ಹೌದ್ರಿ.”

“ಹೊಲದಾಗ ಏನ್ ಮಾಡ್ತದ್ರಿ?”

“ಗೊತ್ತಿಲ್ರಿ, ಮಾವಾರ.”

ಮಾವ ಎತ್ತು ತಂದರು. ಹಿಂದಿನ ಗಾಡಿಯನ್ನು ಬಿಚ್ಚಿ, ವಿಮಾನ ಎಳೆಯುತ್ತಿದ್ದ ಕೊಕ್ಕೆಗೇ ಹಗ್ಗ ಬಿಗಿದರು. ನನ್ನನ್ನು ಮೇಲೆ ಕೂರಿಸಿಕೊಂಡು ಟ್ರ್ಯಾಕ್ಟರ್ ಹಿಂದೆ ಹಿಂದೆ ಬದುವಿಗೆ ಬಂತು. ಎಂಜಿನ್ ಮಾತ್ರ ಮತ್ತೆ ಬಾಯಿ ಬಿಡಲಿಲ್ಲ. ನಾವು ನೌಬಾದಕ್ಕೆ ಮರಳಿದ್ದು ಮಾವನ ಚಕ್ಕಡಿಯಲ್ಲೇ.

ಮಗಳು ಈಗ ಮಾತು ಕಲಿತಿದ್ದಾಳೆ. ಆಕಾಶದಲ್ಲಿ ಸದ್ದಾದರೆ ಸಾಕು, “ಅಪ್ಪಾ, ಇಂಥಾದ್ದು ನೀ ಎಳದೀ ಏನು?” ಎನ್ನುತ್ತಾಳೆ. ನಾನು ಮೀಸೆಯ ಮೇಲೆ ಕೈ ಇಡುವಷ್ಟರಲ್ಲಿ ಒಳಗಿನಿಂದ ನೀಲವ್ವನ ದನಿ ಬರುತ್ತದೆ:

“ಹೌದವ್ವಾ, ನಿಮ್ಮಪ್ಪ ವಿಮಾನ ಎಳದಾರ. ನಿಮ್ಮಪ್ಪನ್ನ ಎಳದದ್ದು ನಮ್ಮಪ್ಪನ ಎತ್ತು!”