ಏಳನೆಯ ಕುರ್ಚಿ

ಹಿತ್ತಿಲ ಬಾಗಿಲಿಗೆ ಚಿಲಕ ಹಾಕದೆ ವೋಲ್ಟರ್ ಶನಿವಾರ ಹೆಂಡತಿಯೊಡನೆ ಸಂತೆಗೆ ಹೋದದ್ದೇ ತಪ್ಪಾಯಿತು. ಆದರೆ ಆ ಡಚ್ ಹಳ್ಳಿಯಲ್ಲಿ ಹಿತ್ತಿಲ ಬಾಗಿಲಿಗೆ ಚಿಲಕ ಹಾಕುವಂತಿಲ್ಲ. ಹಾಕಿದರೆ ಒಳಗೆ ಯಾರೋ ಸತ್ತಿದ್ದಾರೆಂದೋ, ಇಲ್ಲ ತಮ್ಮ ಮೇಲೆ ಮುನಿಸೆಂದೋ ನೆರೆಯವರು ಲೆಕ್ಕ ಹಾಕುತ್ತಾರೆ. ಹೀಗಾಗಿ ಈಸ್ಟರ್ ಭಾನುವಾರ ಬೆಳಿಗ್ಗೆ ವೋಲ್ಟರ್ ಶೆಡ್ಡಿನ ಬಾಗಿಲು ತೆರೆದಾಗ ಅಲ್ಲಿ ಅವನ ಕುರ್ಚಿ ಇರಲಿಲ್ಲ.

ವೋಲ್ಟರ್ ಅಂಚೆ ಕಚೇರಿಯಿಂದ ನಿವೃತ್ತನಾದವನು. ಡಚ್ ಆಧುನಿಕ ವಿನ್ಯಾಸಕಾರರು ಮೊದಮೊದಲು ಮಾಡಿದ ಮೇಜು ಕುರ್ಚಿಗಳನ್ನು ಸಂಗ್ರಹಿಸುವುದು ಅವನ ಹುಚ್ಚು. ಕೆತ್ತನೆ ಇಲ್ಲ, ಮೆತ್ತೆ ಇಲ್ಲ, ಗೀಟು ಎಳೆದ ಹಾಗೆ ನೆಟ್ಟಗಿರುವ ಮರ ಅಷ್ಟೇ. ಇಪ್ಪತ್ತು ವರ್ಷ ಹರಾಜುಕಟ್ಟೆಗಳನ್ನು ಅಲೆದು ಅವನು ಗಳಿಸಿದ್ದರಲ್ಲಿ ಎಲ್ಲಕ್ಕಿಂತ ಮೇಲಾದದ್ದು ಈ ಕುರ್ಚಿ. ಸರಕಿನ ಪೆಟ್ಟಿಗೆಯ ಹಲಗೆಗಳನ್ನೇ ಜೋಡಿಸಿ ಮೂವತ್ತರ ದಶಕದಲ್ಲಿ ಮಾಡಿದ್ದು. ಬಣ್ಣ ಕಂಡಿರಲಿಲ್ಲ, ಅಡಿಯಲ್ಲಿ ಕಾಯಿಸಿ ಒತ್ತಿದ ತಯಾರಕರ ಮುದ್ರೆಯಿತ್ತು. ಒಲೆಯ ಶಾಖಕ್ಕೆ ಬಿರುಕು ಬಿಟ್ಟೀತೆಂದು ಶೆಡ್ಡಿನಲ್ಲಿ ಇಟ್ಟಿದ್ದ. ಅದನ್ನು ನೋಡಲು ಮ್ಯೂಸಿಯಂನ ಮರಿಸ್ಕಾ ಅಂದೇ ಸಂಜೆ ಬರುವವಳಿದ್ದಳು. ಅವಳು ಒಪ್ಪಿದರೆ ಕುರ್ಚಿ ಮ್ಯೂಸಿಯಂ ಸೇರುತ್ತದೆ, ಪಕ್ಕದ ಚೀಟಿಯಲ್ಲಿ ವೋಲ್ಟರನ ಹೆಸರು ಬರುತ್ತದೆ. ಬದುಕಿನಲ್ಲಿ ಅವನು ಬೇರೇನನ್ನೂ ಅಷ್ಟು ಆಸೆಪಟ್ಟಿರಲಿಲ್ಲ.

"ಫೆನ್ನಾ, ನನ್ನ ಕುರ್ಚಿ ಎಲ್ಲಿ?"

ಅವನ ಹೆಂಡತಿ ಫೆನ್ನಾ ಒಲೆಯಿಂದ ಕಣ್ಣು ಎತ್ತಲಿಲ್ಲ. "ನಿನ್ನೆ ಬಂದಾಗ ಮೇಜಿನ ಮೇಲೆ ಒಂದು ಡಜನ್ ಮೊಟ್ಟೆ ಇತ್ತು. ಎಗ್ಬರ್ಟ್ ಏನೋ ತಗೊಂಡು ಅದಕ್ಕೆ ಬದಲು ಇಟ್ಟು ಹೋಗಿದಾನೆ ಅಂದ್ಕೊಂಡೆ."

"ಏನೋ ಅಂದ್ರೆ?"

"ಇನ್ನೇನ್ರೀ, ಈಸ್ಟರ್ ಬೆಂಕಿಗೆ ಸೌದೆ. ನಿಮ್ಮ ಕಣ್ಣಿಗೆ ಅದು ಕುರ್ಚಿ. ಅವನ ಕಣ್ಣಿಗೆ ಟೊಮೆಟೊ ಪೆಟ್ಟಿಗೆ."

ವೋಲ್ಟರ್ ಟೋಪಿ ಕೂಡ ಹಾಕಿಕೊಳ್ಳದೆ ಊರಾಚೆಯ ಬಯಲಿಗೆ ಓಡಿದ. ಈಸ್ಟರ್ ಸಂಜೆ ಊರವರೆಲ್ಲ ಸೇರಿ ಹಚ್ಚುವ ಬೆಂಕಿಗೆಂದು ಒಟ್ಟಿದ ಸೌದೆಯ ರಾಶಿ ಮೂರಂತಸ್ತಿನ ಮನೆಯಷ್ಟು ಎದ್ದಿತ್ತು. ಬುಡದಲ್ಲಿ ರೈತ ಎಗ್ಬರ್ಟ್ ಕಾವಲಿಗೆ ಕೂತಿದ್ದ. ಅವನ ಸುತ್ತ ಐದಾರು ನೆರೆಯವರು ಕಾಫಿ ಕುಡಿಯುತ್ತಿದ್ದರು.

"ಎಗ್ಬರ್ಟ್, ಅದು ಸೌದೆಯಲ್ಲ, ನನ್ನ ಕುರ್ಚಿ."

"ಹೌದಾ? ಒಂದು ಮೊಳೆ ಕಿತ್ತು ಬಂದಿತ್ತು ಮಾರಾಯ. ಪಾಪ, ನಿಂಗೆ ಬೇಡದ್ದು ಅಂದ್ಕೊಂಡೆ. ಈಗ ಮೇಲೆ ಎಲ್ಲೋ ಇದೆ. ತೆಗೀಬಹುದು, ಆದ್ರೆ ಒಂದು ತೆಗೆದ್ರೆ ಒಂದು ಹಾಕ್ಬೇಕು. ಯಾವ ಊರಿನ ರಾಶಿ ಎತ್ತರ ಅಂತ ಪಂದ್ಯ ಅಲ್ವಾ, ಹೊಳೆಯಾಚೆಯವರು ಬೆಳಿಗ್ಗೆಯಿಂದ ದುರ್ಬೀನು ಹಿಡ್ಕೊಂಡು ಎತ್ತರ ನೋಡ್ತಿದಾರೆ."

ವೋಲ್ಟರ್ ಮನೆಗೆ ಹೋಗಿ ಅವರೆ ಬಳ್ಳಿಗೆ ಊರುವ ಕೋಲುಗಳ ಎರಡು ಹೊರೆ ತಂದ. ಏಣಿ ಹಾಕಿ ಹತ್ತಿದ. ಒಣಗಿದ ಕ್ರಿಸ್‌ಮಸ್ ಗಿಡಗಳು ಅವನ ಮುಖ ಮೂತಿ ಪರಚಿದವು, ಪ್ಯಾಂಟು ಮೊಣಕಾಲಿನವರೆಗೆ ಹರಿಯಿತು. ಕೆಳಗೆ ನಿಂತವರು ಯಾರೂ ಹತ್ತಲಿಲ್ಲ, ಎಲ್ಲರೂ ದಾರಿ ಹೇಳಿದರು. ಒಬ್ಬ ಎಡಕ್ಕೆ ಅಂದ, ಇನ್ನೊಬ್ಬ ಅದು ನಿನ್ನ ಎಡ ಅವನ ಬಲ ಎಂದು ತಿದ್ದಿದ, ಅಷ್ಟರಲ್ಲಿ ವೋಲ್ಟರ್ ಒಂದು ಹಳೆಯ ಕೋಳಿಗೂಡಿನೊಳಕ್ಕೆ ಸೊಂಟದವರೆಗೆ ಇಳಿದುಹೋಗಿದ್ದ.

ಅಲ್ಲಿಂದ ಕೈ ಚಾಚಿದಾಗ ಕುರ್ಚಿಯ ಕಾಲು ಸಿಕ್ಕಿತು. ಎಳೆದು ತಿರುಗಿಸಿದ. ಮುದ್ರೆ ಇತ್ತು. ಆದರೆ ಕೂತು ಕೂತು ಹಲಗೆ ಸವೆದಿತ್ತು, ಇದು ಅವನದಲ್ಲ. ಅದರ ಹಿಂದೆ ಇನ್ನೊಂದು, ಅದರಡಿಯಲ್ಲಿ ಮತ್ತೊಂದು. ಒಟ್ಟು ಆರು ಕುರ್ಚಿಗಳಾದ ಮೇಲೆ, ಏಳನೆಯದಾಗಿ ಅವನ ಕುರ್ಚಿ ಬಂತು.

"ಅವು ಆರೂ ನಮ್ಮಮ್ಮನವು ಕಣಪ್ಪ," ಎಂದು ಕೆಳಗಿನಿಂದ ಮುದುಕಿ ಡೀಕಾ ಕೂಗಿ ಹೇಳಿದಳು. "ಅಡಿಗೆಮನೇಲಿದ್ವು. ಅದರ ಮೇಲೆ ಕೂತೇ ನಾವೆಲ್ಲ ಗಂಜಿ ಕುಡಿದಿದ್ದು. ಮನೆ ಖಾಲಿ ಮಾಡುವಾಗ ತಂದು ಹಾಕಿದ್ವಿ. ಬೇಕಿದ್ರೆ ಎಲ್ಲಾ ತಗೊಂಡು ಹೋಗು."

ಸಂಗ್ರಹಕಾರನೊಬ್ಬ ಕನಸಿನಲ್ಲಿ ಮಾತ್ರ ಕಾಣುವ ದೃಶ್ಯ ಅದು. ಮರುಗಳಿಗೆಗೆ ಅವನ ತಲೆ ಕೆಲಸ ಮಾಡತೊಡಗಿತು. ಒಂದೇ ಇದ್ದರೆ ಅದು ನಿಧಿ. ಏಳಿದ್ದರೆ ಅಡಿಗೆಮನೆಯ ಸಾಮಾನು. ಈ ಸಂಜೆ ಮರಿಸ್ಕಾ ಬಂದು ಏಳನ್ನೂ ಸಾಲಾಗಿ ಕಂಡರೆ, ಊರಲ್ಲಿ ಮನೆಮನೆಗೂ ಇವೆಯೇನೋ ಎಂದುಕೊಂಡು ನಕ್ಕು ಹೋಗುತ್ತಾಳೆ. ಹೆಸರೂ ಇಲ್ಲ, ಚೀಟಿಯೂ ಇಲ್ಲ.

"ಬೇಡ ಡೀಕಮ್ಮ," ಅಂದ. "ಇವಕ್ಕೆ ಹುಳ ಹಿಡಿದಿದೆ."

ಹುಳವೇನೂ ಹಿಡಿದಿರಲಿಲ್ಲ. ಒಂದೊಂದನ್ನೇ ಕಣ್ಣುತುಂಬ ನೋಡಿ, ಹೊರಗೆ ಕಾಣದಂತೆ ರಾಶಿಯ ಒಡಲಿಗೆ ತುರುಕಿದ. ಆರನೆಯದನ್ನು ಬಿಡುವಾಗ ಅವನಿಗೆ ನಿಜಕ್ಕೂ ಅಳು ಬಂತು. ಎಗ್ಬರ್ಟ್ ಮಾತ್ರ ಸಂತೋಷಪಟ್ಟ. "ಕೋಲೂ ಕೊಟ್ಟೆ, ಕುರ್ಚಿನೂ ಬಿಟ್ಟೆ. ನೆರೆಯವನು ಅಂದ್ರೆ ಹೀಗಿರ್ಬೇಕು."

ಸಂಜೆ ಬೆಂಕಿ ಹಚ್ಚಿದರು. ಊರೆಲ್ಲ ಬಯಲಿನಲ್ಲಿದ್ದಾಗ ಮರಿಸ್ಕಾ ಬಂದಳು. ಇನ್ನೊಮ್ಮೆ ಕಳೆದೀತೆಂಬ ಭಯಕ್ಕೆ ವೋಲ್ಟರ್ ಕುರ್ಚಿಯನ್ನು ಬಯಲಿಗೇ ಹೊತ್ತು ತಂದು ಕಾಯುತ್ತಿದ್ದ. ಅವಳು ಬೆಂಕಿಯ ಬೆಳಕಿನಲ್ಲೇ ಅದನ್ನು ಮಗುಚಿ, ಮುದ್ರೆಯ ಮೇಲೆ ಬೆರಳಾಡಿಸಿದಳು.

"ಅಸಲಿಯೇ. ತುಂಬ ಚೆನ್ನಾಗಿ ಕಾಪಾಡಿದೀರಿ," ಅಂದಳು. ವೋಲ್ಟರ್ ಉಸಿರು ಬಿಟ್ಟ. "ಆದ್ರೆ ಇಂಥ ಒಂಟಿ ಕುರ್ಚಿ ನಮ್ಮಲ್ಲಿ ಆಗಲೇ ಎರಡಿವೆ. ನಾವು ಹುಡುಕ್ತಿರೋದು ಪೂರ್ತಿ ಸೆಟ್ಟು. ಒಂದೇ ಮನೆಯವರು ಕೂತು ಉಂಡು ಸವೆಸಿದ್ದು. ಇಡೀ ದೇಶದಲ್ಲಿ ಎಲ್ಲೂ ಸಿಗ್ತಿಲ್ಲ. ಈ ಕಡೆ ಹಳೇ ಮನೆಗಳಲ್ಲಿ ಇದ್ರೆ ನಿಮಗೆ ಗೊತ್ತಿರಬಹುದು, ನೀವೇ ಹುಡುಕಿಕೊಟ್ರೆ ಆ ಕೋಣೆಗೇ ನಿಮ್ಮ ಹೆಸರಿಡೋಣ ಅಂತ ಬಂದೆ."

ವೋಲ್ಟರ್ ಬಾಯಿ ತೆರೆದ. ಅಷ್ಟರಲ್ಲಿ ಡೀಕಾ ಅವನ ಪರವಾಗಿ ಉತ್ತರ ಕೊಟ್ಟಳು.

"ಸೆಟ್ಟಾ? ನಮ್ಮವು ಆರಿದ್ವಲ್ಲಮ್ಮ. ಅಗೋ ನೋಡಿ, ಬಲಗಡೆ ಧಗಧಗ ಅಂತ ಉರೀತಿದಾವಲ್ಲ, ಅವೇ. ತಗೊಂಡು ಹೋಗು ಅಂದ್ರೂ ಕೇಳ್ಲಿಲ್ಲ, ಪುಣ್ಯಾತ್ಮ ತಾನೇ ಕೈಯಾರೆ ಒಳಗೆ ಜೋಡಿಸಿದ."

ಮರಿಸ್ಕಾ ಬೆಂಕಿಯನ್ನು ನೋಡಿದಳು, ಆಮೇಲೆ ವೋಲ್ಟರನನ್ನು ನೋಡಿದಳು. ಕೈಚೀಲ ಹೆಗಲಿಗೆ ಹಾಕಿಕೊಂಡು ಕಾರಿನತ್ತ ನಡೆದಳು.

ಮಗುಚಿದ್ದ ಕುರ್ಚಿಯನ್ನು ವೋಲ್ಟರ್ ನೆಟ್ಟಗೆ ನಿಲ್ಲಿಸಿ ಕೂತ. ಇಷ್ಟು ವರ್ಷಗಳಲ್ಲಿ ಅವನು ಅದರ ಮೇಲೆ ಕೂತದ್ದು ಅದೇ ಮೊದಲು.

ಫೆನ್ನಾ ಹತ್ತಿರ ಬಂದು ನಿಂತಳು. "ಹೇಗಿದೆ ರೀ?"

ಅವನು ಸ್ವಲ್ಪ ಹೊತ್ತು ಅತ್ತಿತ್ತ ಸರಿದು ನೋಡಿದ.

"ಬೆನ್ನಿಗೆ ಒತ್ತುತ್ತೆ," ಅಂದ.